ಮನೆ ಕೊಳ್ಳುವಾಗ ಬೂಷ್ಟಿನ ಟೆಸ್ಟ್: ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಬೇಡ

ದಾವಣಗೆರೆಯ ವಿದ್ಯಾನಗರದಲ್ಲೋ ನಿಟುವಳ್ಳಿಯಲ್ಲೋ ಹದಿನೈದು ವರ್ಷ ಹಳೆಯ ಒಂದು 30×40 ಮನೆ ನೋಡಲು ಹೋಗಿದ್ದೀರಿ ಅಂದುಕೊಳ್ಳಿ. ಕಾಗದಪತ್ರ ಸರಿಯಿದೆ, ಬಾಗಿಲು ಪೂರ್ವಕ್ಕಿದೆ, ರೇಟೂ ಹೊಂದುತ್ತದೆ. ಹಿಂದಿನ ಕೋಣೆಯ ವಾರ್ಡ್‌ರೋಬ್ ತೆಗೆದರೆ ಮೂಲೆಯಲ್ಲಿ ಸಾಸಿವೆ ಚೆಲ್ಲಿದ ಹಾಗೆ ಕಪ್ಪು ಚುಕ್ಕಿ, ಮೂಗಿಗೆ ಹಸಿ ಗೋಣಿಚೀಲದ ವಾಸನೆ. "ಏನಿಲ್ಲ ಬಿಡ್ರಿ ಸರ, ಮಳಿಗಾಲದಾಗ ಸ್ವಲ್ಪ ಥಂಡಿ ಹಿಡಿತೈತಿ, ಅಷ್ಟೆ" ಎನ್ನುತ್ತಾರೆ ಏಜೆಂಟರು. ಮನೆಗೆ ಬಂದು ಮೊಬೈಲ್‌ನಲ್ಲಿ ಹುಡುಕಿದರೆ ಕಪ್ಪು ಬೂಷ್ಟು ವಿಷ, ಕೊಳ್ಳುವ ಮೊದಲು ಗಾಳಿ ಪರೀಕ್ಷೆ ಮಾಡಿಸಲೇಬೇಕು ಎಂಬ ಸಲಹೆ. ಒಬ್ಬರು ಏನೂ ಇಲ್ಲ ಅಂತಾರೆ, ಇನ್ನೊಬ್ಬರು ಎದೆ ನಡುಗಿಸುತ್ತಾರೆ.

ಉತ್ತರವನ್ನು ಮೊದಲೇ ಹೇಳಿಬಿಡೋಣ. ಬೂಷ್ಟು ಕಣ್ಣಿಗೆ ಕಾಣುತ್ತಿದ್ದರೆ ಟೆಸ್ಟ್ ಬೇಕಿಲ್ಲ. ಕಾಣದಿದ್ದರೂ ಬಹುತೇಕ ಮನೆಗಳಿಗೆ ಬೇಕಿಲ್ಲ. ಆ ದುಡ್ಡಿನಲ್ಲಿ ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕಿಸಿ. ಬೂಷ್ಟಿನ ಜಾತಿ ಯಾವುದಾದರೂ ಮಾಡಬೇಕಾದ ಕೆಲಸ ಒಂದೇ: ನೀರು ನಿಲ್ಲಿಸು, ಒಣಗಿಸು, ಕೆಟ್ಟದ್ದನ್ನು ತೆಗೆ. ಲ್ಯಾಬಿನ ವರದಿ ಈ ಮೂರರಲ್ಲಿ ಒಂದನ್ನೂ ಮಾಡಿಕೊಡುವುದಿಲ್ಲ, ನೀರಿನ ದಾರಿಯನ್ನೂ ತೋರಿಸುವುದಿಲ್ಲ.

ಇದು ಬರೀ ಮೇಸ್ತ್ರಿಗಳ ಮಾತಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯೂ ಬೂಷ್ಟು ಕಣ್ಣಿಗೆ ಕಾಣುತ್ತಿದ್ದರೆ ಸಾಮಾನ್ಯವಾಗಿ ಮಾದರಿ ತೆಗೆಸುವ ಅಗತ್ಯವಿಲ್ಲ ಎನ್ನುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಮನೆಯೊಳಗಿನ ತೇವ ಮತ್ತು ಬೂಷ್ಟಿನ ಬಗ್ಗೆಯೇ ಮಾರ್ಗಸೂಚಿ ಹೊರಡಿಸಿತು. ಅದರಲ್ಲೂ ಗಾಳಿಯಲ್ಲಿ ಇಷ್ಟು ಬೀಜಕಣ (ಬೂಷ್ಟನ್ನು ಹರಡುವ ಸೂಕ್ಷ್ಮ ಕಣ) ಇದ್ದರೆ ಸರಿ, ಇಷ್ಟಾದರೆ ತಪ್ಪು ಎಂಬ ಅಂಕಿ ಇಲ್ಲ. ತೇವ ತಡೆಯಿರಿ ಎಂಬುದೇ ಅದರ ತಿರುಳು. ನಮ್ಮ 2009ರ ರಾಷ್ಟ್ರೀಯ ವಾಯು ಗುಣಮಟ್ಟದ ಮಾನದಂಡದಲ್ಲಿ 12 ಮಾಲಿನ್ಯಕಾರಕಗಳಿಗೆ ಮಿತಿ ಇದೆ, ಆ ಪಟ್ಟಿಯಲ್ಲಿ ಬೂಷ್ಟು ಇಲ್ಲ. ಅಂದ ಮೇಲೆ ವರದಿಯಲ್ಲಿ 'ಹೆಚ್ಚು' ಎಂದು ಕೆಂಪಕ್ಷರದಲ್ಲಿ ಬರೆದು ಬಂದರೆ, ಯಾವುದಕ್ಕಿಂತ ಹೆಚ್ಚು ಎಂದು ಕೇಳಬೇಕಾಗುತ್ತದೆ.

ಬಯಲುಸೀಮೆಯಲ್ಲಿ ಬೂಷ್ಟು ಎಲ್ಲಿಂದ ಬಂತು?

"ಇದೇನು ಆಗುಂಬೆನಾ?" ಎಂಬ ಮಾತು ಚಿತ್ರದುರ್ಗದ ಕಡೆ ಕೇಳಿಬರುತ್ತದೆ. ನಿಜ, ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳ ವಾರ್ಷಿಕ ಮಳೆ 600 ಮಿಲಿಮೀಟರ್ ಆಸುಪಾಸು. ಚಳ್ಳಕೆರೆ, ಹಿರಿಯೂರು ಕಡೆ ಅದಕ್ಕಿಂತಲೂ ಕಡಿಮೆ. ಆದರೆ ಬೂಷ್ಟಿಗೆ ಊರಿನ ಮಳೆ ಲೆಕ್ಕ ಬೇಕಿಲ್ಲ. ಅದಕ್ಕೆ ಬೇಕಿರುವುದು ಗೋಡೆಯ ಮೇಲೆ ಅಂಗೈಯಗಲ ತೇವ, ತಿನ್ನಲು ಬಣ್ಣದ ಪೊರೆ, ಪ್ಲೈವುಡ್, ಕಾಗದ ಅಥವಾ ಬರೀ ಧೂಳು. ನೆನೆದ ವಸ್ತು 24ರಿಂದ 48 ಗಂಟೆಯೊಳಗೆ ಒಣಗಿದರೆ ಸಾಮಾನ್ಯವಾಗಿ ಬೂಷ್ಟು ಹಿಡಿಯುವುದಿಲ್ಲ. ಗೋಡೆಗೆ ತಾಗಿದ ಗಾಳಿಯ ಆರ್ದ್ರತೆ ಶೇ. 80 ದಾಟಿ ದಿನಗಟ್ಟಲೆ ಹಾಗೇ ನಿಂತರೆ, ಒಂದು ಹನಿ ಸೋರದಿದ್ದರೂ ಚುಕ್ಕಿ ಏಳುತ್ತದೆ.

ನಮ್ಮ ಕಡೆಯ ತೇವಕ್ಕೆ ನಮ್ಮವೇ ಕಾರಣಗಳಿವೆ. ದಾವಣಗೆರೆ, ಹರಿಹರದ ಸುತ್ತ ಭದ್ರಾ ಅಚ್ಚುಕಟ್ಟಿನ ಗದ್ದೆ ಬಯಲನ್ನು ಬಡಾವಣೆ ಮಾಡಿದ ಜಾಗಗಳಲ್ಲಿ, ನಾಲೆಗೆ ನೀರು ಬಿಟ್ಟ ತಿಂಗಳುಗಳಲ್ಲಿ ನೆಲದಡಿಯ ತೇವ ಮೇಲೇರುತ್ತದೆ. ಹಾಗಾಗಿ ಅಲ್ಲಿ ಬಿರುಬೇಸಿಗೆಯಲ್ಲೂ ಗೋಡೆಯ ಬುಡ ಹಸಿಯಾಗಿರಬಹುದು. ಎರೆ ಮಣ್ಣಿನ ಜಾಗದಲ್ಲಿ ಇನ್ನೊಂದು ತಾಪತ್ರಯ: ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಆ ಮಣ್ಣು ಪಾಯವನ್ನು ಅಲುಗಾಡಿಸಿ ಗೋಡೆಯಲ್ಲಿ ಸೀಳು ಬಿಡಿಸುತ್ತದೆ, ಹೂತ ಪೈಪಿನ ಜಾಯಿಂಟು ಬಿಡಿಸುತ್ತದೆ. ಚಿತ್ರದುರ್ಗದ ಕೋಟೆ ಸುತ್ತಿನ ಹಳೇ ಕೇರಿಗಳ ಕಲ್ಲು-ಮಣ್ಣಿನ ಗೋಡೆಗೆ ತೇವ ತಡೆಯುವ ಪಟ್ಟಿಯೇ ಇರುವುದಿಲ್ಲ. ಮೇಲೆ ಕರಲು ಮಣ್ಣಿನ ಮಾಳಿಗೆ ಇದ್ದರೆ ಮಳೆಗಾಲಕ್ಕೆ ಮುಂಚೆ ಹೊಸ ಮಣ್ಣು ಹಾಕದ ವರ್ಷ ಸೋರುವುದು ಖಾತ್ರಿ.

ಐದು ನಿಮಿಷದ ಗಾಳಿಯ ಲೆಕ್ಕ

ಟೆಸ್ಟ್ ಅಂದರೆ ಏನು ಮಾಡುತ್ತಾರೆ ಎಂದು ತಿಳಿದರೆ, ಯಾಕೆ ಬೇಡ ಅನ್ನುವುದು ತಾನಾಗಿ ಅರ್ಥವಾಗುತ್ತದೆ.

ಅಗ್ಗದ್ದು ಪ್ಲೇಟ್ ಟೆಸ್ಟ್. ಪೌಷ್ಟಿಕ ಜೆಲ್ ತುಂಬಿದ ತಟ್ಟೆಯನ್ನು ಕೋಣೆಯಲ್ಲಿ ಒಂದು ಗಂಟೆ ತೆರೆದಿಟ್ಟು, ಮುಚ್ಚಿ, ವಾರ ಬಿಟ್ಟು ನೋಡುವುದು. ಬೀಜಕಣ ಇಲ್ಲದ ಗಾಳಿ ಭೂಮಿಯ ಮೇಲೆ ಎಲ್ಲೂ ಇಲ್ಲ. ತೆರೆದಿಟ್ಟ ತಟ್ಟೆಯಲ್ಲಿ ಏನಾದರೂ ಬೆಳೆದೇ ಬೆಳೆಯುತ್ತದೆ. ಮನೆಯಲ್ಲಿ ಒಂದು ರೊಟ್ಟಿ ಚೂರನ್ನು ಹಸಿಮಾಡಿ ಇಟ್ಟರೂ ಇದೇ ಉತ್ತರ ಸಿಗುತ್ತದೆ.

ಎರಡನೆಯದು ಗಾಳಿ ಎಳೆಯುವ ಯಂತ್ರ. ಸಣ್ಣ ಪಂಪು ನಿಮಿಷಕ್ಕೆ 15 ಲೀಟರ್‌ನಂತೆ 5 ನಿಮಿಷ ಗಾಳಿ ಎಳೆದು ಅಂಟು ಬಳಿದ ಗಾಜಿನ ಮೇಲೆ ಬಡಿಸುತ್ತದೆ. ಒಟ್ಟು 75 ಲೀಟರ್ ಗಾಳಿ. ಲ್ಯಾಬಿನವರು ಸೂಕ್ಷ್ಮದರ್ಶಕದಲ್ಲಿ ಎಣಿಸಿ, ಒಂದು ಘನ ಮೀಟರಿಗೆ ಎಷ್ಟು ಎಂದು ಗುಣಿಸಿ ಬರೆಯುತ್ತಾರೆ. ಒಂದು ಘನ ಮೀಟರ್ ಅಂದರೆ 1000 ಲೀಟರ್. ಹಾಗಾಗಿ ಗಾಜಿನ ಮೇಲೆ ಸಿಕ್ಕ ಒಂದೊಂದು ಕಣವೂ ವರದಿಯಲ್ಲಿ ಸುಮಾರು 13 ಆಗುತ್ತದೆ. ಹಾಲ್‌ನಲ್ಲಿ 3 ಕಣ, ಬೆಡ್‌ರೂಮಿನಲ್ಲಿ 10 ಕಣ ಸಿಕ್ಕಿತು ಅನ್ನಿ. ವರದಿಯಲ್ಲಿ ಅದು 40 ಮತ್ತು 133 ಎಂದು ಬರುತ್ತದೆ, ಓದಿದವರ ಗಂಟಲು ಒಣಗುತ್ತದೆ. ಆ ಏಳು ಕಣದ ವ್ಯತ್ಯಾಸ ಯಾರೋ ಹಾಸಿಗೆ ಕೊಡವಿದ್ದಕ್ಕೂ ಬಂದಿರಬಹುದು, ಫ್ಯಾನ್ ಹಾಕಿದ್ದಕ್ಕೂ ಬಂದಿರಬಹುದು. ಒಂದೇ ಕೋಣೆಯಲ್ಲಿ ಬೆಳಗ್ಗೆಯ ಅಂಕಿ ಸಂಜೆಗೆ ಇರುವುದಿಲ್ಲ.

ಇದಕ್ಕೇ ಹೊರಗಿನ ಗಾಳಿಯ ಮಾದರಿಯನ್ನೂ ಅದೇ ಹೊತ್ತಿನಲ್ಲಿ ತೆಗೆದು ಹೋಲಿಸಬೇಕು. ಹೊರಗಿನ ಮಾದರಿ ಇಲ್ಲದ ವರದಿಗೆ ಬೆಲೆಯೇ ಇಲ್ಲ. ಇನ್ನು ನಮ್ಮೂರಿನ ಹೊರಗಿನ ಗಾಳಿ ಎಂಥದ್ದು? ಅಕ್ಟೋಬರ್, ನವೆಂಬರ್‌ನಲ್ಲಿ ಮೆಕ್ಕೆಜೋಳ ರಸ್ತೆಬದಿಯಲ್ಲೂ ಮಾರುಕಟ್ಟೆಯ ಅಂಗಳದಲ್ಲೂ ಒಣಗುತ್ತಿರುತ್ತದೆ, ಊರಾಚೆ ಭತ್ತದ ಕಟಾವಿನ ಯಂತ್ರಗಳು ಧೂಳೆಬ್ಬಿಸುತ್ತಿರುತ್ತವೆ. ಕಾಳಿನ ಧೂಳಿನಲ್ಲಿ ಬೂಷ್ಟಿನ ಬೀಜಕಣ ಯಥೇಚ್ಛ. ಆ ವಾರ ತೆಗೆಸಿದ ಮಾದರಿ ಮನೆಯ ಬಗ್ಗೆ ಹೇಳುವುದಕ್ಕಿಂತ ಮೆಕ್ಕೆಜೋಳದ ಸುಗ್ಗಿಯ ಬಗ್ಗೆ ಹೆಚ್ಚು ಹೇಳುತ್ತದೆ. ಒಳಗಿನ ಅಂಕಿ ಹೊರಗಿನಷ್ಟೇ ಇದೆ ಎಂದು ಮನೆ ಪಾಸಾಗಿಬಿಡಬಹುದು, ವಾರ್ಡ್‌ರೋಬಿನ ಹಿಂದೆ ಗೋಡೆ ಕೊಳೆಯುತ್ತಿದ್ದರೂ!

ಇಲ್ಲಿಯೇ ಟೆಸ್ಟಿನ ದೊಡ್ಡ ಅಪಾಯ ಇರುವುದು. ಹೆದರಿಕೆಗಿಂತ ಸುಳ್ಳು ಸಮಾಧಾನ ಕೆಟ್ಟದ್ದು. ಕಪ್ಪು ಬೂಷ್ಟು ಎಂದು ಹೆಸರು ಕೆಡಿಸಿಕೊಂಡಿರುವ ಸ್ಟ್ಯಾಕಿಬೋಟ್ರಿಸ್‌ನ ಬೀಜಕಣ ಅಂಟಂಟು. ಅದು ಹಸಿಯಾಗಿರುವಾಗ ಗಾಳಿಗೆ ಏಳುವುದೇ ಕಷ್ಟ, ಹಾಗಾಗಿ ಯಂತ್ರದ ಕೈಗೆ ಸುಲಭಕ್ಕೆ ಸಿಗುವುದಿಲ್ಲ. ಸಮಾಧಾನದ ಮಾತೂ ಇದೆ. ಆ ಜಾತಿಗೆ ಸದಾ ನೆನೆದ ಕಾಗದ, ಮರದ ನಾರು ಬೇಕು. ಜಿಪ್ಸಂ ಹಲಗೆಯ ಗೋಡೆಗಳಿರುವ ಅಮೆರಿಕದ ಮನೆಗಳಲ್ಲಿ ಅದು ದೊಡ್ಡ ಸುದ್ದಿ. ನಮ್ಮ ಇಟ್ಟಿಗೆ, ಸಿಮೆಂಟಿನ ಗೋಡೆಯಲ್ಲಿ ಕಪ್ಪಗೆ ಕಾಣುವುದು ಹೆಚ್ಚಾಗಿ ಕ್ಲ್ಯಾಡೋಸ್ಪೋರಿಯಂ, ಆಸ್ಪರ್‌ಜಿಲಸ್ ಥರದವು. ಬಣ್ಣ ನೋಡಿ ಜಾತಿ ಹೇಳಲು ಆಗುವುದಿಲ್ಲ, ವಿಷ ಹೇಳಲು ಅಂತೂ ಸಾಧ್ಯವೇ ಇಲ್ಲ.

ಮನೆ ನೋಡಲು ಆಷಾಢದಲ್ಲೇ ಹೋಗಿ

ಆಷಾಢದಲ್ಲಿ ಯಾರೂ ಮನೆ ಕೊಳ್ಳುವುದಿಲ್ಲ, ಶ್ರಾವಣ ಬಂದ ಮೇಲೆ ಅಡ್ವಾನ್ಸ್. ಕೊಳ್ಳುವುದು ಶ್ರಾವಣಕ್ಕೇ ಇರಲಿ, ನೋಡುವುದು ಮಾತ್ರ ಆಷಾಢದ ಸೋನೆ ಮಳೆಯಲ್ಲಿ ಆಗಲಿ. ಚಿತ್ರದುರ್ಗದ ಕಡೆಯಾದರೆ ಹಸ್ತಾ, ಚಿತ್ತಾ ಮಳೆಯ ಹೊತ್ತು ಇನ್ನೂ ಒಳ್ಳೆಯದು, ಅಲ್ಲಿ ಸೆಪ್ಟೆಂಬರ್-ಅಕ್ಟೋಬರ್ ಮಳೆಯೇ ಜೋರು. ಫೆಬ್ರವರಿಯ ಬಿಸಿಲಲ್ಲಿ ಯಾವ ಮನೆಯಾದರೂ ಸುಳ್ಳು ಹೇಳುತ್ತದೆ.

ಬಾಗಿಲು ಹೊಕ್ಕ ಮೊದಲ ನಿಮಿಷದ ಮೂಗನ್ನು ನಂಬಿ. ಹತ್ತು ನಿಮಿಷವಾದರೆ ಮೂಗು ಒಗ್ಗಿಹೋಗುತ್ತದೆ. ಊದುಬತ್ತಿಯ ಹೊಗೆ ದಟ್ಟವಾಗಿದ್ದರೆ, ಕಪಾಟಿನ ತುಂಬ ನುಸಿಗುಳಿಗೆ ಇದ್ದರೆ, ನಾಲ್ಕು ಗೋಡೆಯಲ್ಲಿ ಒಂದಕ್ಕೆ ಮಾತ್ರ ಹೊಸ ಬಣ್ಣ ಇದ್ದರೆ ಅಲ್ಲೇ ನಿಲ್ಲಿ. ಈಗ ಚಾಲ್ತಿಯಲ್ಲಿರುವ ಪಿವಿಸಿ ಪ್ಯಾನಲ್, ಮೂರಡಿ ಎತ್ತರದ ಟೈಲ್ಸ್ ಪಟ್ಟಿ, ವಾಲ್‌ಪೇಪರ್ ಇವೆಲ್ಲ ಅಂದಕ್ಕೂ ಹಾಕಿರಬಹುದು, ಮುಚ್ಚಿಡಲೂ ಹಾಕಿರಬಹುದು. ಪ್ಯಾನಲ್ ತುದಿಯ ಸಂದಿಗೆ ಮೂಗಿಟ್ಟು ನೋಡಲು ನಾಚಿಕೆ ಬೇಡ. ಲಕ್ಷಗಟ್ಟಲೆ ಕೊಡುವವರು ನೀವು.

ನಂತರ ಕಲೆ ಎಲ್ಲಿದೆ ನೋಡಿ. ನೀರು ಎಲ್ಲಿಂದ ಬಂತು ಎಂಬುದನ್ನು ಅರ್ಧಕ್ಕರ್ಧ ಆ ಜಾಗವೇ ಹೇಳಿಬಿಡುತ್ತದೆ. ನೆಲದಿಂದ ಎರಡು, ಮೂರಡಿವರೆಗೆ ಗೋಡೆಯುದ್ದಕ್ಕೂ ಬಣ್ಣ ಉದುರಿ, ಮೇಲಂಚಿನಲ್ಲಿ ಬಿಳಿ ಉಪ್ಪಿನ ಗೆರೆ ಕಂಡರೆ ಅದು ನೆಲದಿಂದ ಏರಿದ ತೇವ. ಪಾಯದ ಮೇಲಿನ ತೇವ ತಡೆಯುವ ಪದರ ಇಲ್ಲ ಅಥವಾ ಕೆಟ್ಟಿದೆ. ಇಲ್ಲವೇ ರಸ್ತೆ, ಅಂಗಳ ಎತ್ತರವಾಗುತ್ತಾ ಬಂದು ಆ ಪದರವೇ ಹೂತುಹೋಗಿದೆ. ಬಚ್ಚಲಿನ ಬೆನ್ನಿಗಿರುವ ಗೋಡೆಯಲ್ಲಿ ಮೊಣಕಾಲೆತ್ತರಕ್ಕೆ ಬೊಬ್ಬೆ ಎದ್ದಿದ್ದರೆ ಪೈಪು ಅಥವಾ ಬಚ್ಚಲ ನೆಲದ ಸೋರಿಕೆ. ಸೀಲಿಂಗಿನಲ್ಲಿ ಚಹಾ ಲೋಟ ಇಟ್ಟಂಥ ಕಂದು ವೃತ್ತಗಳಿದ್ದರೆ ತಾರಸಿ. ಆ ವೃತ್ತ ಮಳೆ ಇಲ್ಲದಾಗಲೂ ಹಸಿಯಾಗಿದ್ದರೆ ಮೇಲಿನ ನೀರಿನ ಟ್ಯಾಂಕು, ಅದರ ಪೈಪು. ಕಿಟಕಿಯ ಕೆಳಮೂಲೆಯ ಕಲೆ ಸಜ್ಜಾದ ಸಂದಿನಿಂದಲೋ, ಹೊರಕ್ಕೆ ಇಳಿಜಾರಿಲ್ಲದ ಕಿಟಕಿ ಹಾಸಿನಿಂದಲೋ ಬಂದಿರುತ್ತದೆ. ಬಣ್ಣ ಉಬ್ಬದೆ, ಪ್ಲಾಸ್ಟರ್ ಗಟ್ಟಿಯಾಗಿದ್ದು ಬರೀ ಚುಕ್ಕಿ ಮಾತ್ರ ಮೂಲೆಯಲ್ಲೋ ವಾರ್ಡ್‌ರೋಬ್ ಹಿಂದೆಯೋ ಇದ್ದರೆ ಅದು ಒಳಗಿನ ಗಾಳಿಯ ತೇವ: ಒಳಗೇ ಬಟ್ಟೆ ಒಣಹಾಕುವುದು, ಎಕ್ಸಾಸ್ಟ್ ಇಲ್ಲದ ಅಡುಗೆಮನೆ, ತೆಗೆಯದ ಕಿಟಕಿ. ಇದು ಎಲ್ಲಕ್ಕಿಂತ ಅಗ್ಗದ ಕಾಯಿಲೆ. 28 ಡಿಗ್ರಿಯ, ಶೇ. 70 ಆರ್ದ್ರತೆಯ ಗಾಳಿ 22 ಡಿಗ್ರಿಯ ಗೋಡೆಗೆ ತಾಗಿದರೆ ಬೆವರುತ್ತದೆ. ವಾರ್ಡ್‌ರೋಬನ್ನು ಗೋಡೆಯಿಂದ ಮೂರು ಇಂಚು ಈಚೆಗೆಳೆದು ಗಾಳಿ ಆಡಲು ಬಿಟ್ಟರೆ ಎಷ್ಟೋ ಸಲ ಅಷ್ಟಕ್ಕೇ ಮುಗಿಯುತ್ತದೆ.

ನಮ್ಮ ಊರುಗಳಿಗೇ ವಿಶೇಷವಾದ ಒಂದು ಕೇಸಿದೆ, ಹೊರಗಿನ ಪುಸ್ತಕಗಳಲ್ಲಿ ಅಷ್ಟಾಗಿ ಕಾಣುವುದಿಲ್ಲ. ಹಳೇ ಬಡಾವಣೆಗಳಲ್ಲಿ ಪಕ್ಕದ ಮನೆಗೆ ಅಂಟಿದಂತೆ ಕಟ್ಟಿರುತ್ತಾರೆ, ನಡುವೆ ಎರಡು-ಮೂರು ಇಂಚಿನ ಸಂದು. ಎರಡನೆಯ ಮನೆ ಕಟ್ಟುವಾಗ ಮೇಸ್ತ್ರಿಗೆ ಅಲ್ಲಿ ಕೈ ಹೋಗುವುದಿಲ್ಲ, ಹಾಗಾಗಿ ಆ ಗೋಡೆಯ ಹೊರಮೈಗೆ ಗಿಲಾವೇ ಬಿದ್ದಿರುವುದಿಲ್ಲ. ಎರಡೂ ತಾರಸಿಯ ನೀರು, ಕಸ, ಎಲೆ ಆ ಸಂದಿಗೆ ಇಳಿದು ಬರಿ ಇಟ್ಟಿಗೆ ಕುಡಿಯುತ್ತದೆ. ಒಳಗಿನಿಂದ ಎಷ್ಟು ಸಲ ಪುಟ್ಟಿ, ಬಣ್ಣ ಹೊಡೆದರೂ ಮುಂದಿನ ಮಳೆಗಾಲಕ್ಕೆ ಮತ್ತೆ ಅದೇ ಕಥೆ. ಮದ್ದು ಮೇಲಿನಿಂದಲೇ ಆಗಬೇಕು: ಎರಡೂ ಪ್ಯಾರಾಪೆಟ್ ಸೇರುವಲ್ಲಿ ಸಂದಿನ ಬಾಯಿಯನ್ನು ತಗಡಿನಿಂದಲೋ ಕಾಂಕ್ರೀಟ್ ಪಟ್ಟಿಯಿಂದಲೋ ಮುಚ್ಚಬೇಕು. ಅದಕ್ಕೆ ಪಕ್ಕದ ಮನೆಯವರು ಒಪ್ಪಬೇಕು. ಆದ್ದರಿಂದ ತಾರಸಿ ಹತ್ತಿದಾಗ ಈ ಸಂದನ್ನು ಬಗ್ಗಿ ನೋಡಿ, ಇಳಿದು ಬಂದು ಪಕ್ಕದ ಮನೆಯವರನ್ನು ಮಾತಾಡಿಸಿ. ನಾಲೆಗೆ ನೀರು ಬಂದಾಗ ಗೋಡೆ ಬುಡ ಹೇಗಿರುತ್ತದೆ, ಹೋದ ಮಳೆಗಾಲ ಈ ಮನೆ ಸೋರಿತ್ತೇ ಎಂದೂ ಅವರನ್ನೇ ಕೇಳಿ. ಮಾರುವವರಿಗಿಂತ ನೆರೆಯವರು ನಿಜ ಹೇಳುತ್ತಾರೆ.

ಕಂಡದ್ದೆಲ್ಲ ಬೂಷ್ಟೂ ಅಲ್ಲ. ಬಿಳಿ ಹತ್ತಿಯಂತೆ ಗೋಡೆಯಿಂದ ಏಳುವುದು ಹೆಚ್ಚಾಗಿ ಉಪ್ಪು. ಗಡುಸು ಬೋರ್‌ವೆಲ್ ನೀರಿನಲ್ಲಿ ಗಾರೆ ಕಲಸಿ ಕ್ಯೂರಿಂಗ್ ಮಾಡಿದ ಮನೆಗಳಲ್ಲಿ ಇದು ಸಾಮಾನ್ಯ. ಬೆರಳಿಗೆ ತೆಗೆದು ಉಜ್ಜಿ: ಉಪ್ಪಾದರೆ ಪುಡಿಪುಡಿ, ನೀರು ಚಿಮುಕಿಸಿದರೆ ಕರಗಿ ಮಾಯ. ಬೂಷ್ಟು ಕರಗುವುದಿಲ್ಲ, ಹಿಸುಕಿ ಮೆತ್ತಿಕೊಳ್ಳುತ್ತದೆ. ಕಪ್ಪಿಗೂ ಒಂದು ಉಪಾಯವಿದೆ, ದೇವರ ಮನೆಯ ದೀಪದ ಮಸಿಯೋ ಬೂಷ್ಟೋ ಎಂದು ತಿಳಿಯಲು. ಬಟ್ಟೆಗೆ ಹಾಕುವ ಬ್ಲೀಚ್ ದ್ರಾವಣವನ್ನು ನೀರಿಗೆ ಬೆರೆಸಿ ಒಂದು ಹನಿ ಮುಟ್ಟಿಸಿ. ಒಂದೆರಡು ನಿಮಿಷದಲ್ಲಿ ತಿಳಿಯಾದರೆ ಬೂಷ್ಟು, ಕಪ್ಪಗೇ ಉಳಿದರೆ ಮಸಿ ಅಥವಾ ಕೊಳೆ.

ಬೆಳಗಿನವರೆಗೆ ಬಿಡಬೇಕಾದ ಮೂರು ಪರೀಕ್ಷೆ

ಮನೆ ಮನಸ್ಸಿಗೆ ಬಂದಿದೆ, ಆದರೆ ತೇವದ ಅನುಮಾನ ಉಳಿದಿದೆ ಎಂದಾದರೆ ಮಾಲೀಕರ ಒಪ್ಪಿಗೆ ಪಡೆದು ಇವನ್ನು ಮಾಡಿ.

ಮೊದಲನೆಯದು ಪ್ಲಾಸ್ಟಿಕ್ ಹಾಳೆ. ಒಂದೂವರೆ ಅಡಿ ಚೌಕದ ದಪ್ಪ ಪಾರದರ್ಶಕ ಹಾಳೆಯನ್ನು ಅನುಮಾನದ ಜಾಗಕ್ಕೆ ಹಚ್ಚಿ, ನಾಲ್ಕೂ ಅಂಚಿಗೆ ಗಾಳಿ ಹೋಗದಂತೆ ಅಗಲ ಟೇಪ್ ಅಂಟಿಸಿ. ಬಣ್ಣ ಉದುರುವ ಕಡೆ ಟೇಪ್ ನಿಲ್ಲುವುದಿಲ್ಲ, ಅಂಚಿನಷ್ಟು ಜಾಗ ಮೊದಲು ಕೆರೆದುಕೊಳ್ಳಿ. ಕನಿಷ್ಠ 16 ಗಂಟೆ, ಸಾಧ್ಯವಾದರೆ ಒಂದು ಪೂರ್ತಿ ದಿನ ಬಿಡಿ. ಹಾಳೆಯ ಒಳಮೈಯಲ್ಲಿ, ಅಂದರೆ ಗೋಡೆ ಕಡೆ ಹನಿಗಟ್ಟಿದ್ದರೆ ನೀರು ಗೋಡೆಯೊಳಗಿನಿಂದ ಬರುತ್ತಿದೆ. ಕೋಣೆಯ ಕಡೆ ಬೆವರಿದ್ದರೆ ಗಾಳಿಯ ತೇವ. ಒಂದು ಎಚ್ಚರಿಕೆ: ಗೋಡೆಗೆ ಆಯಿಲ್ ಪೇಂಟ್ ಇದ್ದರೆ ಆವಿ ಹೊರಬರಲಾಗದೆ ಹಾಳೆ ಒಣಗಿಯೇ ಕಾಣುತ್ತದೆ. ಅಂಥಲ್ಲಿ ಅಂಗೈಯಗಲ ಬಣ್ಣ ಕೆರೆದ ಮೇಲೆಯೇ ಹಚ್ಚಬೇಕು.

ಎರಡನೆಯದು ಟ್ಯಾಂಕಿನ ಗುರುತು. ರಾತ್ರಿ ಎಲ್ಲ ನಲ್ಲಿ ಬಂದ್ ಮಾಡಿ, ಮೋಟರ್ ಆಫ್ ಮಾಡಿ, ತಾರಸಿ ಟ್ಯಾಂಕಿನ ನೀರಿನ ಮಟ್ಟಕ್ಕೆ ಸ್ಕೆಚ್ ಪೆನ್ನಿನಿಂದ ಗೆರೆ ಎಳೆಯಿರಿ. ಬೆಳಗ್ಗೆ ನೋಡಿ. ಸಾವಿರ ಲೀಟರಿನ ದುಂಡು ಟ್ಯಾಂಕಿನಲ್ಲಿ ಒಂದು ಸೆಂಟಿಮೀಟರ್ ಇಳಿದಿದ್ದರೆ ಸುಮಾರು 8ರಿಂದ 9 ಲೀಟರ್ ಎಲ್ಲೋ ಹೋಗಿದೆ. ಕಮೋಡಿನ ಫ್ಲಶ್ ಟ್ಯಾಂಕ್ ಸೋರಿದರೂ ಹೀಗೇ ಆಗುತ್ತದೆ, ಆದ್ದರಿಂದ ಅದರ ವಾಲ್ವ್ ಬಂದ್ ಮಾಡಿ ಮರುದಿನ ಇನ್ನೊಮ್ಮೆ ನೋಡಿ. ಆಗಲೂ ಇಳಿದರೆ ಗೋಡೆಯೊಳಗಿನ ಪೈಪೇ ಸೋರುತ್ತಿದೆ.

ಮೂರನೆಯದು ತಾರಸಿಗೆ ನೀರು ಕಟ್ಟುವುದು. ನೀರು ಹೋಗುವ ಬಾಯಿಗಳಿಗೆ ಬಟ್ಟೆ, ಪ್ಲಾಸ್ಟಿಕ್ ಬಿಗಿದು ಎರಡು ಇಂಚು ನೀರು ನಿಲ್ಲಿಸಿ 24ರಿಂದ 48 ಗಂಟೆ ಬಿಟ್ಟು, ಕೆಳಗಿನ ಸೀಲಿಂಗನ್ನು ಆಗಾಗ ನೋಡುತ್ತಿರಬೇಕು. 900 ಚದರ ಅಡಿಯ ತಾರಸಿಗೆ ಇದಕ್ಕೆ ಸುಮಾರು 4,200 ಲೀಟರ್ ಬೇಕು, ಹೆಚ್ಚುಕಡಿಮೆ ಒಂದು ಟ್ಯಾಂಕರ್. ಭಾರ ಚದರ ಮೀಟರಿಗೆ 50 ಕಿಲೋ ಬೀಳುತ್ತದೆ. ಗಟ್ಟಿಯಾದ ಆರ್‌ಸಿಸಿ ತಾರಸಿಗೆ ಇದು ಹೊರೆಯಲ್ಲ. ಕಂಬಿ ಕಾಣುವ ಹಾಗೆ ಕಾಂಕ್ರೀಟ್ ಉದುರಿದ ತಾರಸಿಗೆ, ಮಣ್ಣಿನ ಮಾಳಿಗೆಗೆ ಮಾತ್ರ ಖಂಡಿತ ಕಟ್ಟಬೇಡಿ. ಬೇಸಿಗೆಯಲ್ಲಿ ಬಿಸಿಲೇ ನೀರನ್ನು ಹೀರುವುದರಿಂದ ಪಕ್ಕದಲ್ಲಿ ಅಷ್ಟೇ ಆಳದ ನೀರು ತುಂಬಿದ ಅಗಲ ಬೇಸಿನ್ ಇಡಿ. ಬೇಸಿನ್‌ನಲ್ಲಿ ಇಳಿದಷ್ಟೇ ತಾರಸಿಯಲ್ಲೂ ಇಳಿದಿದ್ದರೆ ಅದು ಆವಿ. ಬಚ್ಚಲಿಗೂ ಇದೇ ಕ್ರಮ, ಟ್ರ್ಯಾಪಿನ ಬಾಯಿ ಮುಚ್ಚಿ ಒಂದು ದಿನ.

ತೇವ ಅಳೆಯುವ ಎರಡು ಮುಳ್ಳಿನ ಮೀಟರ್ ಆನ್‌ಲೈನ್‌ನಲ್ಲಿ ಒಂದೆರಡು ಸಾವಿರ ರೂಪಾಯಿಗೆ ಸಿಗುತ್ತದೆ. ಅದರ ಅಂಕಿ ಮರಕ್ಕೆಂದು ಹೊಂದಿಸಿದ್ದು, ಇಟ್ಟಿಗೆ ಗೋಡೆಗೆ ಅದನ್ನು ಶೇಕಡಾವಾರು ಎಂದು ಓದಬಾರದು. ಅದೇ ಮನೆಯ ಒಣ ಗೋಡೆಯ ಅಂಕಿಗೆ ಹೋಲಿಸಿ, ಅರ್ಧ ಅಡಿಗೊಂದು ಚುಚ್ಚುತ್ತಾ ಮೇಲಕ್ಕೆ ಹೋದರೆ ತೇವದ ನಕ್ಷೆಯೇ ಸಿಗುತ್ತದೆ. ಉಪ್ಪು ಹಿಡಿದ ಗೋಡೆ ಒಣಗಿದ್ದರೂ ಹೆಚ್ಚು ತೋರಿಸುತ್ತದೆ, ಉಪ್ಪು ವಿದ್ಯುತ್ತನ್ನು ಹರಿಸುವುದರಿಂದ. ಥರ್ಮಲ್ ಕ್ಯಾಮೆರಾ ತರುವವರೂ ಇದ್ದಾರೆ. ಅದು ತೋರಿಸುವುದು ತೇವವನ್ನಲ್ಲ, ತಣ್ಣಗಿರುವ ಜಾಗವನ್ನು. ಪರದೆಯ ಮೇಲಿನ ನೀಲಿ ಮಚ್ಚೆಯನ್ನು ಮೀಟರ್ ಚುಚ್ಚಿ ಖಚಿತ ಮಾಡಿಕೊಳ್ಳದವರಿಗೆ ದುಡ್ಡು ಕೊಡಬೇಡಿ. ಇಷ್ಟೆಲ್ಲ ಮಾಡಲು ಪುರುಸೊತ್ತಿಲ್ಲದವರು ಒಬ್ಬ ಅನುಭವಿ ಸಿವಿಲ್ ಎಂಜಿನಿಯರ್ ಮತ್ತು ಒಬ್ಬ ಪ್ಲಂಬರ್‌ಗೆ ಅರ್ಧ ದಿನದ ಫೀಸು ಕೊಟ್ಟು ಕರೆದೊಯ್ಯಲಿ. ವಾಸ್ತು ನೋಡಿಸಲು ಕೊಡುವುದಕ್ಕಿಂತ ಹೆಚ್ಚೇನೂ ಆಗದು.

ಹಾಗಾದರೆ ಟೆಸ್ಟ್ ಯಾವಾಗ?

ಕೆಲವು ಸಂದರ್ಭಗಳಲ್ಲಿ ಅರ್ಥವಿದೆ. ವಾಸನೆ ಬಲವಾಗಿದೆ, ಮೇಲಿನದೆಲ್ಲ ಮಾಡಿ ನೋಡಿದರೂ ಏನೂ ಸಿಗುತ್ತಿಲ್ಲ ಎಂದಾಗ. ಮಾರುವವರು ಇದು ಬರೀ ಮಸಿ ಎಂದು ವಾದಿಸುತ್ತಿದ್ದು, ವ್ಯಾಜ್ಯದ ಮಟ್ಟಕ್ಕೆ ಹೋದಾಗ. ಅಥವಾ ಅಂಗ ಕಸಿಯಾದವರು, ಕೀಮೋಥೆರಪಿಯಲ್ಲಿರುವವರು ಮನೆಯಲ್ಲಿದ್ದು ವೈದ್ಯರೇ ಕೇಳಿದಾಗ. ಇಂಥವರಲ್ಲಿ ಆಸ್ಪರ್‌ಜಿಲಸ್ ಶ್ವಾಸಕೋಶಕ್ಕೇ ಇಳಿಯಬಲ್ಲದು. ಆಸ್ತಮಾ ಇರುವವರಿಗೂ ತೇವದ ಮನೆ ಒಳ್ಳೆಯದಲ್ಲ, ಆದರೆ ಅದನ್ನು ತಿಳಿಯಲು ಜಾತಿಯ ಹೆಸರು ಬೇಕಾಗಿಲ್ಲ.

ಮಾಡಿಸುವುದೇ ಆದರೆ ಗಾಳಿಯ ಬದಲು ಕಲೆಯ ಮಾದರಿ ಕೊಡಿ. ಪಾರದರ್ಶಕ ಸೆಲ್ಲೋಟೇಪನ್ನು ಕಲೆಗೆ ಮೆಲ್ಲಗೆ ಒತ್ತಿ, ತೆಗೆದು, ಶುಭ್ರ ಪ್ಲಾಸ್ಟಿಕ್ ಹಾಳೆಗೆ ಅಂಟಿಸಿದರೆ ಸೂಕ್ಷ್ಮದರ್ಶಕಕ್ಕೆ ಅದೇ ಸಾಕು. ಬ್ಲೀಚ್ ಹಾಕುವ ಮೊದಲೇ ತೆಗೆಯಬೇಕು. ಲ್ಯಾಬಿಗೆ ಎನ್‌ಎಬಿಎಲ್ (ಲ್ಯಾಬುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇದೆಯೇ ಎಂದಷ್ಟೇ ಕೇಳಬೇಡಿ, ಈ ಪರೀಕ್ಷೆಗೇ ಇದೆಯೇ ಎಂದು ಕೇಳಿ. ನೀರಿನ ಪರೀಕ್ಷೆಗೆ ಮಾನ್ಯತೆ ಪಡೆದವರ ಪ್ರಮಾಣಪತ್ರವೂ ದೂರದಿಂದ ಹಾಗೇ ಕಾಣುತ್ತದೆ. ಇನ್ನೊಂದು ಮಾತು: ಟೆಸ್ಟ್ ಮಾಡುವವರೇ ಬೂಷ್ಟು ತೆಗೆಯುವ ಕಾಂಟ್ರಾಕ್ಟನ್ನೂ ಹಿಡಿಯುವವರಾದರೆ ಆ ವರದಿಯನ್ನು ಬದಿಗಿಡಿ.

ಚೌಕಾಶಿ, ಕರಾರು, ರಿಪೇರಿ

ತೇವ ಸಿಕ್ಕಿತೆಂದು ಮನೆ ಬಿಡಲೇಬೇಕೆಂದಿಲ್ಲ. ತಾರಸಿಯದು, ಪೈಪಿನದು ರಿಪೇರಿಯಾಗುವ ಕಾಯಿಲೆ. ಎರಡು ಕಡೆ ಎಸ್ಟಿಮೇಟ್ ಹಾಕಿಸಿ ಆ ಮೊತ್ತವನ್ನು ಬೆಲೆಯಲ್ಲಿ ಇಳಿಸಿ ಕೇಳಿ. ನೆಲದ ತೇವ ಮತ್ತು ಪಕ್ಕದ ಮನೆಯವರು ಒಪ್ಪದ ಸಂದು, ಇವೆರಡಕ್ಕೆ ಹೆಚ್ಚು ಯೋಚಿಸಿ. ಗೊತ್ತಿದ್ದೂ ಮುಚ್ಚಿಟ್ಟ, ಕೊಳ್ಳುವವರು ಸಾಮಾನ್ಯ ಎಚ್ಚರದಿಂದ ನೋಡಿದರೂ ತಿಳಿಯಲಾಗದ ದೊಡ್ಡ ದೋಷವನ್ನು ಮಾರುವವರು ಹೇಳಲೇಬೇಕು ಎನ್ನುತ್ತದೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಂ. ಕಣ್ಣಿಗೆ ಕಾಣುವ ಕಲೆಗೆ ಈ ರಕ್ಷಣೆ ಸಿಗುವುದು ಕಷ್ಟ, ಆದ್ದರಿಂದ ಮಾತಿನ ಭರವಸೆಯನ್ನು ಕರಾರು ಪತ್ರದಲ್ಲಿ ಬರೆಸಿ: ಯಾವ ಗೋಡೆ, ಯಾವ ರಿಪೇರಿ, ಯಾರ ಖರ್ಚು, ಅದು ಮುಗಿಯುವವರೆಗೆ ಎಷ್ಟು ಹಣ ತಡೆಹಿಡಿಯುವುದು. ದಿನಾಂಕ ಕಾಣುವ ಫೋಟೊ ಇರಲಿ. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿಯಾದ ಹೊಸ ಅಪಾರ್ಟ್‌ಮೆಂಟಾದರೆ ದಾರಿ ಸಲೀಸು: 2016ರ ರೇರಾ ಕಾಯ್ದೆಯ 14(3)ನೇ ಕಲಂ ಪ್ರಕಾರ ಸ್ವಾಧೀನ ಕೊಟ್ಟ ಐದು ವರ್ಷದೊಳಗೆ ಕಟ್ಟಡದ ರಚನೆಯ, ಕೆಲಸದ ಗುಣಮಟ್ಟದ ದೋಷ ತೋರಿಸಿದರೆ ಬಿಲ್ಡರ್ 30 ದಿನದಲ್ಲಿ ಉಚಿತವಾಗಿ ಸರಿಪಡಿಸಬೇಕು.

ಕೊಂಡ ಮೇಲೆ ಆತುರ ಬೇಡ. ಮೊದಲು ನೀರಿನ ಮೂಲ ಬಂದ್ ಆಗಲಿ. ಮೂರಡಿ ಚೌಕದವರೆಗಿನ ಬೂಷ್ಟನ್ನು ಮನೆಯವರೇ ತೆಗೆಯಬಹುದು. ಎನ್95 ಮಾಸ್ಕ್, ಗ್ಲೌಸ್ ಹಾಕಿ, ಮೊದಲು ನೀರು ಚಿಮುಕಿಸಿ ಹಸಿಮಾಡಿ, ಸೋಪಿನ ನೀರಿನಿಂದ ಉಜ್ಜಿ. ಒಣಗಿದ್ದಾಗ ಪೊರಕೆ ಹಾಕಿದರೆ ಬೀಜಕಣ ಮನೆಯಿಡೀ ಹರಡುತ್ತದೆ. ಬ್ಲೀಚ್ ಬಣ್ಣ ತೆಗೆಯುತ್ತದೆ, ಪ್ಲಾಸ್ಟರಿನೊಳಗೆ ಇಳಿದದ್ದನ್ನು ಕೊಲ್ಲುವುದಿಲ್ಲ. ಟಾಯ್ಲೆಟ್ ತೊಳೆಯುವ ಆಸಿಡ್ ಜತೆಗೆ ಅದನ್ನು ಬೆರೆಸಿದರೆ ಕ್ಲೋರಿನ್ ವಿಷಾನಿಲ ಏಳುತ್ತದೆ, ಆ ತಪ್ಪು ಮಾತ್ರ ಮಾಡಬೇಡಿ. ಬೂಷ್ಟು ಒಳಕ್ಕಿಳಿದ ಪ್ಲೈವುಡ್, ಹಾಸಿಗೆ ಉಳಿಸಿಕೊಳ್ಳುವ ವಸ್ತುವಲ್ಲ. ಪ್ಲಾಸ್ಟರ್ ಕೆತ್ತುವುದಾದರೆ ತೇವದ ಗೆರೆಯಿಂದ ಒಂದಡಿ ಮೇಲಿನವರೆಗೆ ಕೆತ್ತಿಸಿ. ಕಲ್ಲು-ಮಣ್ಣಿನ ಹಳೇ ಗೋಡೆಯಾದರೆ ಸಿಮೆಂಟ್ ಗಿಲಾವು ಬೇಡ, ಸುಣ್ಣದ ಗಾರೆಯೇ ಆಗಬೇಕು. ಸಿಮೆಂಟ್ ತೇವವನ್ನು ಒಳಗೇ ಕಟ್ಟಿಹಾಕಿ ಇನ್ನೂ ಮೇಲಕ್ಕೆ ಏರಿಸುತ್ತದೆ.

ಬಣ್ಣ ಎಲ್ಲಕ್ಕಿಂತ ಕೊನೆಗೆ. ನೆನೆದ ಗೋಡೆ ಒಂದು ಇಂಚು ಒಣಗಲು ಒಂದು ತಿಂಗಳು ಎಂಬುದು ಹಳೆಯ ಲೆಕ್ಕ. 9 ಇಂಚಿನ ಗೋಡೆಗೆ ಆ ಪ್ರಕಾರ ಒಂಬತ್ತು ತಿಂಗಳು. ನಮ್ಮ ಮಾರ್ಚ್-ಏಪ್ರಿಲ್ ಬಿಸಿಲಿಗೆ ಅದಕ್ಕಿಂತ ಬೇಗ ಆಗಬಹುದು. ಗೃಹಪ್ರವೇಶದ ಮುಹೂರ್ತ ಹತ್ತಿರವಿದ್ದರೆ ಆ ಒಂದು ಗೋಡೆಗೆ ಬರೀ ಸುಣ್ಣ ಬಳಿಸಿ ಪೂಜೆ ಮುಗಿಸಿ, ಪುಟ್ಟಿ-ಪೇಂಟ್ ಮುಂದಿನ ಬೇಸಿಗೆಗೆ ಇಟ್ಟುಕೊಳ್ಳಿ. ಸುಣ್ಣದ ಮೂಲಕ ಗೋಡೆ ಉಸಿರಾಡುತ್ತದೆ. ಮೇ ತಿಂಗಳಲ್ಲಿ ಅದೇ ಜಾಗಕ್ಕೆ ಮತ್ತೊಮ್ಮೆ ಪ್ಲಾಸ್ಟಿಕ್ ಹಾಳೆ ಹಚ್ಚಿ, ಮರುದಿನ ಒಳಮೈ ಒಣಗಿದ್ದರೆ ಪೇಂಟರ್‌ಗೆ ಫೋನ್ ಮಾಡಿ.